ಎಣ್ಣೆ ಹಚ್ಚಿದ ಮೇಲೆ ಸೊಂಟನೋವು ಹೆಚ್ಚಿತು, ಕಟಿಬಸ್ತಿ ಮಾಡಿಸಬಹುದೇ?

ಪ್ರಶ್ನೆ: ಪೆರ್ಲದ ಅಡಿಕೆ ಕೃಷಿಕ

ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ. ಕಾಸರಗೋಡಿನ ಪೆರ್ಲದ ಬಳಿ ಎರಡು ಎಕರೆ ಅಡಿಕೆ ತೋಟವಿದೆ. ಮರ ಹತ್ತುವವರು ಸಿಗದ ಕಾರಣ ಮೂರು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದದ ಕೋಲಿನಲ್ಲಿ) ನಾನೇ ಗೊನೆ ತೆಗೆಯುತ್ತೇನೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೂ ಅದರಲ್ಲೇ ಸಿಂಪಡಿಸುತ್ತೇನೆ. ಕತ್ತನ್ನು ಮೇಲೆತ್ತಿ, ನಡುವನ್ನು ಹಿಂದಕ್ಕೆ ಬಾಗಿಸಿ ಗಂಟೆಗಟ್ಟಲೆ ನಿಲ್ಲುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಜೂನ್ ತಿಂಗಳಲ್ಲಿ ಮೊದಲ ಸಿಂಪಡಣೆ ಮುಗಿಸಿದ ಮರುದಿನ ಸೊಂಟ ಹಿಡಿದುಕೊಂಡಿತು. ಆಮೇಲೆ ಅದು ಪೂರ್ತಿಯಾಗಿ ಬಿಟ್ಟೇ ಇಲ್ಲ.

ನೋವು ಸೊಂಟದಲ್ಲಿಯೇ ಇದೆ, ಕೆಲವೊಮ್ಮೆ ಬಲಗಡೆಯ ಪೃಷ್ಠದವರೆಗೆ ಬರುತ್ತದೆ. ಮೊಣಕಾಲಿನಿಂದ ಕೆಳಗೆ ಇಳಿದಿಲ್ಲ. ಬೆಳಿಗ್ಗೆ ಎದ್ದಾಗ ಸೊಂಟಕ್ಕೆ ಹಲಗೆ ಕಟ್ಟಿದಂತೆ ಬಿಗಿತ, ಮೈಯೆಲ್ಲ ಭಾರ, ಊಟ ಸೇರುವುದಿಲ್ಲ. ಅರ್ಧ ಗಂಟೆ ಓಡಾಡಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಮನೆಯಲ್ಲಿ ಬಾಣಂತನಕ್ಕೆಂದು ತಂದಿದ್ದ ಧನ್ವಂತರಂ ತೈಲ ಅರ್ಧ ಬಾಟಲಿ ಉಳಿದಿತ್ತು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎಣ್ಣೆ ಹಚ್ಚಿಕೊಂಡರೆ ಒಳ್ಳೆಯದೆಂದು ಅಮ್ಮ ಹೇಳಿದ ಕಾರಣ ಹತ್ತು ದಿನ ಅದನ್ನು ಹಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಿದೆ. ಆಶ್ಚರ್ಯವೆಂದರೆ ಬಿಗಿತ ಇನ್ನೂ ಹೆಚ್ಚಿತು. ಎಕ್ಸ್-ರೇ ತೆಗೆಸಿದಾಗ ಎಲುಬು ಸ್ವಲ್ಪ ತೇಯ್ದಿದೆ, ಪ್ರಾಯಕ್ಕೆ ಸಹಜ ಎಂದರು. ಅವರೇ ಹೇಳಿದ ಬೆಲ್ಟನ್ನು ಇಡೀ ದಿನ ಕಟ್ಟಿಕೊಳ್ಳುತ್ತಿದ್ದೇನೆ. ಅದೇ ದಿನ ನೋಡಿಸಿದ ಬರಿಹೊಟ್ಟೆಯ ಸಕ್ಕರೆ 138 ಇತ್ತು. ಕಳೆದ ವರ್ಷದವರೆಗೆ ಅದು ನೂರು ದಾಟಿದ್ದಿಲ್ಲ.

ಈಗ ಒಂದು ಕಡೆ ಏಳು ದಿನದ ಕಟಿಬಸ್ತಿ ಮಾಡಿಸಿ ಎನ್ನುತ್ತಿದ್ದಾರೆ. ಎಣ್ಣೆ ಹಚ್ಚಿದ್ದಕ್ಕೇ ನೋವು ಹೆಚ್ಚಾದವನು ಸೊಂಟದ ಮೇಲೆ ಎಣ್ಣೆ ನಿಲ್ಲಿಸಿಕೊಳ್ಳುವುದು ಸರಿಯೇ? ಹರಳೆಣ್ಣೆ ಕುಡಿಯಬೇಕೆಂದು ಇನ್ನೊಬ್ಬರ ಸಲಹೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಕುಂಬಳೆಯ ಆಯುರ್ವೇದ ವೈದ್ಯೆ

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧಭಾಗ ಇದೆ. ಆದರೆ ಅದಕ್ಕಿಂತ ಮೊದಲು ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಯ ಸಂದಿ ಮತ್ತು ಗುದದ ಸುತ್ತ ಮರಗಟ್ಟುವುದು, ನಡೆಯುವಾಗ ಪಾದ ಎತ್ತಲಾಗದೆ ಎಳೆಯುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಎಣ್ಣೆ, ಕಷಾಯ ಎಲ್ಲವನ್ನೂ ಬದಿಗಿಟ್ಟು ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇವು ನಿಮಗೆ ಇಲ್ಲವೆಂದು ಭಾವಿಸಿ ಮುಂದೆ ಬರೆಯುತ್ತೇನೆ.

ಸೊಂಟನೋವೆಂದರೆ ವಾತ, ವಾತವೆಂದರೆ ಎಣ್ಣೆ ಎಂಬುದು ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಇದು ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ವೈದ್ಯರು ಎಣ್ಣೆಯ ಬಾಟಲಿಗೆ ಕೈಹಾಕುವ ಮೊದಲು ಆ ವಾತ ಸಾಮವೋ (ಆಮ ಕೂಡಿದ್ದೋ) ನಿರಾಮವೋ (ಆಮವಿಲ್ಲದ್ದೋ) ಎಂದು ನೋಡಬೇಕು. ಜೀರ್ಣಶಕ್ತಿ ಕುಂದಿ, ಆಹಾರ ಸರಿಯಾಗಿ ಪಚನವಾಗದೆ ಉಳಿದ ಅಂಶವನ್ನು ಆಮವೆನ್ನುತ್ತಾರೆ. ಅದರೊಂದಿಗೆ ಕೂಡಿದ ವಾತಕ್ಕೆ ಗ್ರಂಥಗಳು ಕೊಡುವ ಲಕ್ಷಣಗಳಲ್ಲಿ ಭಾರ, ಬಿಗಿತ, ಹಸಿವಿಲ್ಲದಿರುವುದು, ಮಲಬದ್ಧತೆ ಇವೆ. ಅದು ಸೂರ್ಯೋದಯದ ಹೊತ್ತಿಗೆ, ಮೋಡ ಕವಿದಾಗ ಮತ್ತು ರಾತ್ರಿ ಉಲ್ಬಣಿಸುತ್ತದೆ, ಎಣ್ಣೆಯಿಂದ ಹೆಚ್ಚುತ್ತದೆ ಎಂದೂ ಹೇಳಿದೆ. ಆಟಿಯ ಮಳೆ, ಬೆಳಗಿನ ಬಿಗಿತ, ಎಣ್ಣೆ ಹಚ್ಚಿದ ಮೇಲೆ ಹೆಚ್ಚಿದ ನೋವು: ನೀವು ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಇದೇ. ಧನ್ವಂತರಂ ಕೆಟ್ಟ ತೈಲವಲ್ಲ. ಬಲಾ ಗಿಡದ ಬೇರು ಪ್ರಧಾನವಾದ ಆ ತೈಲ ಬಾಣಂತಿಯ ಬಳಲಿದ, ಒಣಗಿದ ಮೈಗೆ ಹೊಂದುತ್ತದೆ. ಆಮವಿರುವ ನಿಮ್ಮ ಸೊಂಟಕ್ಕೆ ಈಗ ಹೊಂದಲಿಲ್ಲ, ಅಷ್ಟೆ.

ಇಂಥ ಸ್ಥಿತಿಯಲ್ಲಿ ಮೊದಲು ಒಣ ಶಾಖ ಕೊಡುತ್ತೇವೆ. ಆಸ್ಪತ್ರೆಯಲ್ಲಾದರೆ ಕೋಲಕುಲತ್ಥಾದಿ ಚೂರ್ಣವನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿಮಾಡಿ ಒತ್ತುತ್ತಾರೆ, ಇಲ್ಲಿ ಎಲ್ಲರೂ ಪೊಡಿಕಿಳಿ ಎನ್ನುವುದು ಅದನ್ನೇ. ಮನೆಯಲ್ಲಾದರೆ ಹೊಯ್ಗೆಯನ್ನೋ (ಮರಳನ್ನೋ) ಹುರುಳಿಯನ್ನೋ ಹುರಿದು ಗಂಟು ಕಟ್ಟಿ, ಮೊದಲು ಬೇರೆಯವರ ಅಂಗೈಯಲ್ಲಿ ಬಿಸಿ ಪರೀಕ್ಷಿಸಿ, ಹದಿನೈದು ನಿಮಿಷ ಕೊಡಬಹುದು. ನಿಮ್ಮ ಸಕ್ಕರೆ ಏರಿರುವುದರಿಂದ ಈ ಪರೀಕ್ಷೆಯನ್ನು ಬಿಡಬೇಡಿ. ಮಧುಮೇಹ ಹಳೆಯದಾದವರಿಗೆ ಚರ್ಮದ ಸಂವೇದನೆ ಕಡಿಮೆಯಾಗಿ, ಬೊಕ್ಕೆ ಎದ್ದ ಮೇಲಷ್ಟೇ ಸುಟ್ಟದ್ದು ಗೊತ್ತಾಗುವುದುಂಟು. ಒಳಗೆ ಕುಡಿಯಲು ಇಂಥಲ್ಲಿ ಸಾಮಾನ್ಯವಾಗಿ ಬರೆಯುವುದು ರಾಸ್ನಾಸಪ್ತಕ ಕಷಾಯವನ್ನು, ಶುಂಠಿಪುಡಿ ಸೇರಿಸಿ. ರಾಸ್ನಾ, ಅಮೃತಬಳ್ಳಿ, ಕಕ್ಕೆ, ದೇವದಾರು, ನೆಗ್ಗಿಲು, ಹರಳಿನ ಬೇರು, ಪುನರ್ನವ, ಇವು ಅದರ ಏಳು ದ್ರವ್ಯಗಳು. ಪ್ರಮಾಣವನ್ನು ನಾಡಿ, ನಾಲಗೆ, ಹೊಟ್ಟೆ ನೋಡಿದವರೇ ಹೇಳಬೇಕು. ಅರಿಷ್ಟ ಮತ್ತು ಲೇಹಗಳಲ್ಲಿ ಬೆಲ್ಲವೋ ಸಕ್ಕರೆಯೋ ಇರುವುದರಿಂದ ಅವನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ.

ಹಸಿವು ಮರಳಿ, ಭಾರ ಇಳಿದು, ನೋವು ಮಾತ್ರ ಉಳಿದರೆ ಆಗ ಎಣ್ಣೆಯ ಸರದಿ; ಕಟಿಬಸ್ತಿ ಬರುವುದು ಆ ಹಂತದಲ್ಲಿ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಸೊಂಟದ ಮೇಲೆ ವೃತ್ತಾಕಾರದ ಕಟ್ಟೆ ಕಟ್ಟಿ, ಒಳಗೆ ಹದಬಿಸಿಯ ತೈಲ ಹೊಯ್ದು, ತಣಿದಂತೆ ತೆಗೆದು ಮತ್ತೆ ಬಿಸಿಯಾದದ್ದನ್ನು ತುಂಬುತ್ತ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ನಿಲ್ಲಿಸುತ್ತಾರೆ. ಹೆಸರಿನಲ್ಲಿ ಬಸ್ತಿ ಎಂದಿದ್ದರೂ ಇದು ಗುದದ ಮೂಲಕ ಕೊಡುವ ಬಸ್ತಿಯಲ್ಲ. ವಾತಕ್ಕೆ ಪರಮ ಚಿಕಿತ್ಸೆಯೆಂದು ಶಾಸ್ತ್ರ ಹೇಳುವುದು ಆ ಎರಡನೆಯದನ್ನು. ಕಟಿಬಸ್ತಿಗೆ ಸಹಚರಾದಿ ತೈಲವನ್ನು ಹೆಚ್ಚಾಗಿ ಬಳಸುತ್ತಾರೆ. ಗಡಿನಾಡಿನವರಿಗೆ ತಿಳಿದಿರಲೆಂದು ಇಲ್ಲಿ ಒಂದು ಮಾತು: ಸಹಚರವೆಂದು ಕೇರಳದಲ್ಲಿ ಬಳಸುವುದು ಕರಿಂಕುರಿಞ್ಞಿ, ಬೇರೆ ಕಡೆಗಳಲ್ಲಿ ಮುಳ್ಳುಗೋರಟೆ, ಎರಡೂ ಬೇರೆ ಬೇರೆ ಗಿಡಗಳು. ಹಾಗಾಗಿ ಮಂಗಳೂರಿನಲ್ಲಿ ಕೊಂಡ ಬಾಟಲಿಗೂ ಕಾಸರಗೋಡಿನಲ್ಲಿ ಕೊಂಡದ್ದಕ್ಕೂ ಹೆಸರು ಒಂದೇ ಆದರೂ ಬಣ್ಣ, ವಾಸನೆ ಬೇರೆಯಿದ್ದರೆ ಕಲಬೆರಕೆಯೆಂದು ಗಾಬರಿಯಾಗಬೇಕಿಲ್ಲ.

ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಉದ್ದು ವಾಯು ಎಂದು ಮನೆಗಳಲ್ಲಿ ಅದನ್ನು ಮೊದಲು ಬಿಡಿಸುತ್ತಾರೆ. ಶಾಸ್ತ್ರದ ಪ್ರಕಾರ ಉದ್ದು ಉಷ್ಣ, ಸ್ನಿಗ್ಧ, ವಾತಹರ. ಆದರೆ ಜೀರ್ಣಕ್ಕೆ ಭಾರ. ಆದ್ದರಿಂದ ಈಗ ಅದನ್ನು ಬಿಡಬೇಕಾದುದು ವಾಯುವಿನ ಕಾರಣಕ್ಕಲ್ಲ, ನಿಮ್ಮ ಹಸಿವು ಕುಂದಿರುವ ಕಾರಣಕ್ಕೆ. ರಾತ್ರಿಯ ಮೊಸರು ಮತ್ತು ಹಲಸಿನ ಬೀಜ ಬೇಡವೆಂದು ನಿಮ್ಮ ಅಮ್ಮ ಹೇಳುತ್ತಿದ್ದರೆ ಆ ವಿಷಯದಲ್ಲಿ ಮಾತ್ರ ಅದನ್ನೇ ನಾನೂ ಹೇಳುತ್ತೇನೆ.

ನೋವು ಪೃಷ್ಠದಿಂದ ಆರಂಭವಾಗಿ ತೊಡೆ, ಮೊಣಕಾಲು, ಮೀನಖಂಡ, ಪಾದ ಎಂದು ಕ್ರಮವಾಗಿ ಇಳಿಯತೊಡಗಿದರೆ ಅದು ಗೃಧ್ರಸಿ, ಇಂದಿನ ಸಯಾಟಿಕಾ. ಅದರ ದಾರಿ ಬೇರೆ. ಹಾಗಾದರೆ ತಡಮಾಡದೆ ತೋರಿಸಿ. ಪಂಚಾಯತಿನ ಸರ್ಕಾರಿ ಆಯುರ್ವೇದ ಡಿಸ್ಪೆನ್ಸರಿಯಿಂದ ಆರಂಭಿಸಬಹುದು, ಒಳರೋಗಿಯಾಗಿ ಚಿಕಿತ್ಸೆ ಬೇಕಾದರೆ ಪಡನ್ನಕ್ಕಾಡಿನಲ್ಲಿ ಜಿಲ್ಲಾ ಆಯುರ್ವೇದ ಆಸ್ಪತ್ರೆಯಿದೆ.

ಉತ್ತರ 2: ಬಾಯಾರಿನ ಕೃಷಿಕ

ಪೆರ್ಲದ ಅಣ್ಣನವರೇ, ನಾನು ವೈದ್ಯನಲ್ಲ. ಸೊಂಟನೋವಿನಲ್ಲಿ ನಿಮಗಿಂತ ನಾಲ್ಕು ವರ್ಷ ಹಿರಿಯ. ಮೊದಲ ಸಲ ನಾನು ಹೋದ ಕಡೆಯಲ್ಲಿ ಹೆಸರು ಬರೆಸುವಾಗಲೇ ಏಳು ದಿನವೋ ಹದಿನಾಲ್ಕು ದಿನವೋ ಎಂದು ಕೇಳಿದರು. ಹಸಿವಿದೆಯೇ, ಮಲಪ್ರವೃತ್ತಿ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಪಕ್ಕದ ಹಾಸಿಗೆಯವರಿಗೆ ಮೊಣಕಾಲು ನೋವು, ಎದುರಿನವರಿಗೆ ಕುತ್ತಿಗೆ ನೋವು, ಮೂವರಿಗೂ ಒಂದೇ ಎಣ್ಣೆ. ಹೀಗಾಗಿ ಡಾಕ್ಟರರು ಮೇಲೆ ಬರೆದದ್ದನ್ನು ಓದುವಾಗ ನನ್ನ ಹಣ ಹೋದ ದಾರಿ ಕಣ್ಣಿಗೆ ಕಾಣಿಸಿತು.

ಎರಡನೆಯ ಸಲ ಸರಿಯಾದ ಕಡೆಗೆ ಹೋದೆ, ಸರಿಯಾದ ಚಿಕಿತ್ಸೆಯೇ ಆಯಿತು, ಹಾಳುಮಾಡಿಕೊಂಡದ್ದು ನಾನು. ಏಳು ದಿನ ಎಲೆಕಿಳಿ ಮಾಡಿದರು. ಲಕ್ಕಿ, ಎಕ್ಕ, ಹರಳು, ನುಗ್ಗೆ, ಹುಣಸೆಯ ಎಲೆಗಳನ್ನು ಕೊಚ್ಚಿ ತೆಂಗಿನತುರಿಯೊಂದಿಗೆ ಹುರಿದು ಕಟ್ಟಿದ ಗಂಟು ಅದು. ಬಿಡುಗಡೆಯಾಗುವಾಗ ಇನ್ನು ನಲ್ಲಿರಿಕ್ಕ ಎಂದರು. ಮಲಯಾಳದಲ್ಲಿ ಚಿಕಿತ್ಸೆಯ ನಂತರ ವಿಶ್ರಾಂತಿಯಲ್ಲಿ ಇರಬೇಕಾದ ದಿನಗಳಿಗೆ ಹಾಗೆನ್ನುತ್ತಾರೆ. ನನಗೆ ನೋವೇ ಇರಲಿಲ್ಲವಾದ್ದರಿಂದ ಅದನ್ನು ಮರ್ಯಾದೆಯ ಮಾತೆಂದು ತಿಳಿದು, ಮೂರನೆಯ ದಿನ ಅಂಗಳದಲ್ಲಿ ಒಣಗಿದ ಅಡಿಕೆಯ ಗೋಣಿಗಳನ್ನು ಮಳೆ ಬಂತೆಂದು ಒಬ್ಬನೇ ಎತ್ತಿ ಒಳಗಿಟ್ಟೆ. ನಾಲ್ಕನೆಯ ಗೋಣಿಯಲ್ಲಿ ಸೊಂಟ ಪುನಃ ಹಿಡಿಯಿತು. ಆದ ಕಾರಣ ನೀವು ಏಳು ದಿನದ ಖರ್ಚನ್ನು ಲೆಕ್ಕ ಹಾಕುವಾಗ ಆಮೇಲಿನ ದಿನಗಳಿಗೆ ತೋಟಕ್ಕೆ ಆಳಿನ ಸಂಬಳವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಎರಡನೆಯ ಸಿಂಪಡಣೆ ಮುಗಿಯದೆ ಹೋಗಿ ಮಲಗಿದರೆ ಕೊಳೆರೋಗದ ಚಿಂತೆಯಲ್ಲಿ ನೀವು ಮಲಗಿರುವವರಲ್ಲ.

ಕುಂಬಳೆಯ ವೈದ್ಯೆ (ಸೇರ್ಪಡೆ): ಇವರು ಹೇಳಿದ್ದು ಶಾಸ್ತ್ರದಲ್ಲೇ ಇದೆ. ಬಸ್ತಿ ಮೊದಲಾದ ಕರ್ಮಗಳಿಗೆ ಎಷ್ಟು ಕಾಲ ಹಿಡಿಯಿತೋ ಅದರ ಎರಡರಷ್ಟು ಪರಿಹಾರಕಾಲವೆಂದು (ಪಥ್ಯ, ವಿಶ್ರಾಂತಿಯಲ್ಲಿ ಇರಬೇಕಾದ ಕಾಲವೆಂದು) ಚರಕಸಂಹಿತೆ ಹೇಳುತ್ತದೆ. ಅಂದರೆ ಏಳು ದಿನಕ್ಕೆ ಹದಿನಾಲ್ಕು ದಿನ.

ಉತ್ತರ 3: ಮಂಜೇಶ್ವರದ ಫಿಸಿಯೋಥೆರಪಿಸ್ಟ್

ನನ್ನ ವಿದ್ಯೆ ಬೇರೆಯಾದರೂ ಮೇಲಿನ ಉತ್ತರಗಳೊಂದಿಗೆ ನನಗೆ ದೊಡ್ಡ ತಕರಾರಿಲ್ಲ. ಕಟಿಬಸ್ತಿಯ ಬಗ್ಗೆ ಪ್ರಕಟವಾದ ಅಧ್ಯಯನಗಳು ಬಹುತೇಕ ಸಣ್ಣವು; ಶಾಖ ಮತ್ತು ಮಾಲೀಸಿನಿಂದ ಸ್ನಾಯು ಸಡಿಲವಾಗಿ ಕೆಲವು ದಿನ ನೋವು ಇಳಿಯುತ್ತದೆ ಎಂಬಷ್ಟನ್ನು ನಾನೂ ರೋಗಿಗಳಲ್ಲಿ ನೋಡಿದ್ದೇನೆ. ನನ್ನ ಆಕ್ಷೇಪವಿರುವುದು ಎರಡು ವಿಷಯಗಳಲ್ಲಿ. ಇಡೀ ದಿನ ಬೆಲ್ಟ್ ಕಟ್ಟಿಕೊಳ್ಳುವುದನ್ನು ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ, ಮಾಲೀಸಿನಂತಹ ಕೆಲವು ಚಿಕಿತ್ಸೆಗಳನ್ನು ಶಿಫಾರಸು ಮಾಡಿದೆ. ಸೊಂಟದ ಬೆಲ್ಟನ್ನು ವಾಡಿಕೆಯಾಗಿ ಬಳಸಬಾರದೆಂದಿದೆ. ಎರಡನೆಯದು, ವಿಶ್ರಾಂತಿಯೆಂದರೆ ಹಾಸಿಗೆ ಹಿಡಿಯುವುದಲ್ಲ. ಗೋಣಿ ಎತ್ತಬೇಡಿ, ದೋಟಿ ಹಿಡಿಯಬೇಡಿ, ಆದರೆ ಸಮತಟ್ಟಾದ ಜಾಗದಲ್ಲಿ ದಿನಕ್ಕೆರಡು ಬಾರಿ ನಡೆಯಿರಿ.

ದೋಟಿಗೆ ಮರಳುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಅದನ್ನು ಮರಕ್ಕೆ ಒರಗಿಸಿ ಸೊಂಟವನ್ನು ಮುಂದಕ್ಕೆ ಬಾಗಿಸಿ ಬಿಡಿ, ಮತ್ತು ಮರದ ಬುಡದಲ್ಲೇ ನಿಂತು ನೇರ ಮೇಲೆ ನೋಡುವ ಬದಲು ಒಂದೆರಡು ಹೆಜ್ಜೆ ಹಿಂದೆ ನಿಲ್ಲಿ. ಅಡಿಕೆ ಸುಲಿಯಲು ಕುಳಿತಾಗಲೂ ಅರ್ಧ ಗಂಟೆಗೊಮ್ಮೆ ಏಳಬೇಕು.

ಪೆರ್ಲದ ಅಡಿಕೆ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಬೆಲ್ಟನ್ನು ಇಂದೇ ಬಿಚ್ಚಿಟ್ಟೆ, ಎರಡನೆಯ ಸಿಂಪಡಣೆಗೆ ಜನ ಹೇಳಿದ್ದೇನೆ. ಡಾಕ್ಟರರೇ, ಹರಳೆಣ್ಣೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಹರಳಿನ ಬೀಜವನ್ನು ಹಾಲಿನಲ್ಲಿ ಬೇಯಿಸಿ ಪಾಯಸ ಮಾಡಿದರೆ ಇನ್ನೂ ಒಳ್ಳೆಯದೆಂದು ಅದೇ ಪರಿಚಯಸ್ಥರು ಹೇಳುತ್ತಾರೆ. ಅವರು ತಂದುಕೊಟ್ಟ ಒಂದು ಪುಡಿಯನ್ನು ಜುಲೈ ತಿಂಗಳ ಆರಂಭದಿಂದ ದಿನಕ್ಕೊಂದು ಚಮಚ ತಿನ್ನುತ್ತಿದ್ದೇನೆ. ಪೊಟ್ಟಣದ ಮೇಲೆ ಏನೂ ಬರೆದಿಲ್ಲ, ಬರೀ ಗಿಡಮೂಲಿಕೆ ಎಂದರು. ತಿಂದ ಒಂದು ಗಂಟೆಯೊಳಗೆ ನೋವು ಇಳಿಯುತ್ತದೆ, ಆರೇಳು ಗಂಟೆಯಲ್ಲಿ ಪುನಃ ಬರುತ್ತದೆ. ಅದನ್ನು ಮುಂದುವರಿಸಬಹುದೇ?

ಕುಂಬಳೆಯ ಆಯುರ್ವೇದ ವೈದ್ಯೆ

ಹರಳೆಣ್ಣೆ ಸೊಂಟನೋವಿಗೆ ಶಾಸ್ತ್ರೋಕ್ತವಾದ ಔಷಧವೇ, ಮಲಬದ್ಧತೆಯಿದ್ದರೆ ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ನಿಮ್ಮನ್ನು ನೋಡದೆ ಅಳತೆ ಹೇಳಲಾರೆ. ಬೀಜದ ಪಾಯಸವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಹರಳಿನ ಬೀಜದಲ್ಲಿ ಮಾರಕ ವಿಷವಿದೆ, ಎಣ್ಣೆ ತೆಗೆಯುವಾಗ ಅದು ಹಿಂಡಿಯಲ್ಲಿ ಉಳಿಯುತ್ತದೆ. ಗ್ರಂಥದಲ್ಲಿ ಪಾಯಸದ ಹೆಸರಿರುವುದು ನಿಜ, ವಿಷ ಕಳೆಯುವ ಶೋಧನೆ ತಿಳಿಯದವರ ಅಡುಗೆಮನೆಗಾಗಿ ಅದನ್ನು ಬರೆದದ್ದಲ್ಲ.

ಆದರೆ ನನಗೆ ಈಗ ಹೆಚ್ಚು ಚಿಂತೆಯಾಗುತ್ತಿರುವುದು ಆ ಪುಡಿಯ ಬಗ್ಗೆ. ಯಾವ ಬೇರಿನ ಪುಡಿಯೂ ಒಂದು ಗಂಟೆಯಲ್ಲಿ ನೋವು ಇಳಿಸಿ ಗಡಿಯಾರ ನೋಡಿದಂತೆ ಆರು ಗಂಟೆಗೆ ಬಿಡುವುದಿಲ್ಲ. ಹೆಸರಿಲ್ಲದ ಪೊಟ್ಟಣಗಳಲ್ಲಿ ನೋವಿನ ಮಾತ್ರೆಯನ್ನೋ ಸ್ಟೀರಾಯ್ಡನ್ನೋ ಪುಡಿಮಾಡಿ ಬೆರೆಸುವುದು ಹೊಸ ವಿಷಯವಲ್ಲ, ಮತ್ತು ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ನಿಮ್ಮ 138ಕ್ಕೆ ಅದೇ ಕಾರಣವೆಂದು ಇಲ್ಲಿಂದ ಹೇಳಲಾಗದು, ಬೇರೆ ಕಾರಣವೂ ಇರಬಹುದು. ವಾರಗಟ್ಟಲೆ ಸ್ಟೀರಾಯ್ಡ್ ಒಳಗೆ ಹೋಗಿದ್ದರೆ ಅದನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಆದ್ದರಿಂದ ಕಟಿಬಸ್ತಿಯ ಮಾತನ್ನು ಸದ್ಯಕ್ಕೆ ಬಿಟ್ಟು ನಾಳೆಯೇ ಒಬ್ಬ ಫಿಸಿಷಿಯನ್ನರನ್ನು ಕಾಣಿ, ಇದನ್ನು ತಿಂದ ದಿನಗಳ ಲೆಕ್ಕ ಹೇಳಿ, ರಕ್ತದೊತ್ತಡವನ್ನೂ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ. ಉಳಿದ ಪುಡಿಯನ್ನು ಎಸೆಯಬೇಡಿ, ಪೊಟ್ಟಣದ ಸಮೇತ ಕೊಂಡುಹೋಗಿ ತೋರಿಸಿ.