ಎಕೋ ಸರಿಯಾಗಿದ್ದರೂ ಕ್ಯಾಲ್ಸಿಯಂ ಸ್ಕ್ಯಾನ್ ಬೇಕೇ? ಬಿಪಿ ಇರುವವರ ಅನುಭವಗಳು

ಪ್ರಶ್ನೆ: ನನಗೆ 52 ವರ್ಷ. ಅಧಿಕ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎದೆನೋವಿಲ್ಲ, ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯೂ ಸರಿಯಾಗಿದೆ. ಆದರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಬೇಕೇ ಎಂದು ತೀರ್ಮಾನಿಸಲು ಕ್ಯಾಲ್ಸಿಯಂ ಸ್ಕ್ಯಾನ್ ಮಾಡಿಸುವಂತೆ ವೈದ್ಯರು ಹೇಳಿದ್ದಾರೆ. ಮಾಡಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಮಸ್ಕಾರ. ಎಕೋದಲ್ಲಿ ಕಾಣುವುದು ಹೃದಯದ ಸ್ನಾಯು, ಕವಾಟಗಳು ಮತ್ತು ರಕ್ತವನ್ನು ಪಂಪ್ ಮಾಡುವ ಶಕ್ತಿ. ಆ ಸ್ನಾಯುವಿಗೇ ರಕ್ತ ಒದಗಿಸುವ ಕೊರೊನರಿ ನಾಳಗಳ ಗೋಡೆಯಲ್ಲಿ ಏನು ಕಟ್ಟಿಕೊಂಡಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಕ್ಯಾಲ್ಸಿಯಂ ಸ್ಕ್ಯಾನ್ ನೋಡುವುದು ಆ ಗೋಡೆಯಲ್ಲಿ ಕೂತ ಕ್ಯಾಲ್ಸಿಯಂ, ಅಂದರೆ ಸುಣ್ಣವನ್ನು. ಇದಕ್ಕೆ ಸೂಜಿಯೂ ಬೇಡ, ಡೈಯೂ ಬೇಡ. ಎದೆಗೆ ಇಸಿಜಿ ಲೀಡ್‌ಗಳನ್ನು ಅಂಟಿಸಿ, ಉಸಿರು ಬಿಗಿಹಿಡಿಯಲು ಹೇಳಿ, ಎರಡು ಬಡಿತಗಳ ನಡುವೆ ಹೃದಯ ಹೆಚ್ಚು ಅಲುಗಾಡದ ಕ್ಷಣದಲ್ಲಿ ಸಿಟಿ ಚಿತ್ರ ತೆಗೆಯುತ್ತಾರೆ. ವಿಕಿರಣ ಸುಮಾರು 1 ಮಿಲಿಸೀವರ್ಟ್‌ನಷ್ಟು. ವರದಿಯಲ್ಲಿರುವ ಅಗಾಟ್ಸ್‌ಟನ್ ಸ್ಕೋರ್ 1990ರಲ್ಲಿ ರೂಪುಗೊಂಡ ಲೆಕ್ಕ: ಸುಣ್ಣಗಟ್ಟಿದ ಪ್ರತಿ ಜಾಗದ ವಿಸ್ತೀರ್ಣವನ್ನು ಅದರ ಸಾಂದ್ರತೆಗೆ ತಕ್ಕಂತೆ 1ರಿಂದ 4ರವರೆಗಿನ ಅಂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತಾರೆ. ನನ್ನದು 140 ಬಂದಿತ್ತು, ಬಹುಪಾಲು ಎಲ್‌ಎಡಿ (ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಕೊರೊನರಿ) ನಾಳವೊಂದರದೇ. ಮನೆಯವರೆಲ್ಲ ಕೇಳಿದ್ದು "ಎಷ್ಟು ಪರ್ಸೆಂಟ್ ಬ್ಲಾಕ್?" ಎಂದು. ಈ ಸಂಖ್ಯೆ ಬ್ಲಾಕಿನ ಅಳತೆಯಲ್ಲ. ನಾಳ ಎಷ್ಟು ಕಿರಿದಾಗಿದೆ ಎಂದು ಇದು ಹೇಳುವುದಿಲ್ಲ, ಒಟ್ಟು ಎಷ್ಟು ಸುಣ್ಣ ಕೂತಿದೆ ಎಂದು ಹೇಳುತ್ತದೆ, ಮುಂದಿನ ಅಪಾಯದ ಅಂದಾಜಿಗೆ ಅದೇ ಉಪಯುಕ್ತ. ಸ್ಟ್ಯಾಟಿನ್ ಬೇಕೋ ಬೇಡವೋ ಎಂಬ ಮಧ್ಯಮ ಅಪಾಯದವರಲ್ಲಿ ಸ್ಕೋರ್ 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆರಂಭಿಸುವುದೇ ಸೂಕ್ತವೆಂದು ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೇಳಿದೆ. ಅಲ್ಲಿಗೆ ನನ್ನ ಗೊಂದಲ ತೀರಿತು.

ಉತ್ತರ 2: ನನ್ನ ಸ್ಕೋರ್ ಸೊನ್ನೆ. ಆದರೂ ನಾನು ಸಿಗರೇಟು ಸೇದುವವನಾದ್ದರಿಂದ ಸ್ಟ್ಯಾಟಿನ್ ಬೇಡವೆನ್ನಲು ವೈದ್ಯರು ಒಪ್ಪಲಿಲ್ಲ. ಮಧುಮೇಹವಿರುವವರಿಗೂ, ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿರುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದಂತೆ. ಇನ್ನೂ ಸುಣ್ಣಗಟ್ಟದ ಮೆತ್ತನೆಯ ಕೊಬ್ಬಿನ ಪದರ ಈ ಸ್ಕ್ಯಾನಿನ ಕಣ್ಣಿಗೆ ಬೀಳುವುದೇ ಇಲ್ಲ. ಬಿಪಿ ಮಾತ್ರೆಯಂತೂ ಸ್ಕೋರ್ ಎಷ್ಟೇ ಇರಲಿ ನಿಲ್ಲುವುದಿಲ್ಲ.

ಉತ್ತರ 3: ಹಾಗೆಂದು ಎಕೋವನ್ನು ಹಗುರವಾಗಿ ಕಾಣಬೇಡಿ. ನನ್ನ ವರದಿಯಲ್ಲಿ ಎಡ ಹೃತ್ಕುಕ್ಷಿಯ (ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ) ಗೋಡೆ ದಪ್ಪಗಾಗಿರುವುದು ಕಂಡಿತ್ತು. ವರ್ಷಾನುಗಟ್ಟಲೆ ಹೆಚ್ಚಿನ ಒತ್ತಡದ ವಿರುದ್ಧ ದುಡಿದ ಸ್ನಾಯು ಹೀಗೆ ಬೆಳೆಯುತ್ತದೆ, ಬೆಳೆದಂತೆಲ್ಲ ಅದಕ್ಕೆ ಹೆಚ್ಚು ರಕ್ತ ಬೇಕಾಗುತ್ತದೆ. ಸ್ನಾಯುವಿನ ತೂಕ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಗಂಡಸರಲ್ಲಿ 115, ಹೆಂಗಸರಲ್ಲಿ 95 ಗ್ರಾಂ ಮೀರಿದರೆ ಹೆಚ್ಚೆಂದು ಪರಿಗಣಿಸುತ್ತಾರೆ. ನಿಮ್ಮ ವರದಿಯಲ್ಲಿ ಈ ಅಂಕಿ ಇದೆಯೇ ನೋಡಿ, "ನಾರ್ಮಲ್" ಎಂಬ ಒಂದು ಪದಕ್ಕೆ ತೃಪ್ತರಾಗಬೇಡಿ. ಸ್ಟ್ಯಾಟಿನ್ ತೆಗೆದುಕೊಳ್ಳಲು ಈಗಾಗಲೇ ಮನಸ್ಸು ಮಾಡಿದ್ದರೆ ಸ್ಕ್ಯಾನಿನಿಂದ ಹೆಚ್ಚೇನೂ ಬದಲಾಗದು. ಆರಂಭಿಸಿದ ಮೇಲೆ ಪರಿಣಾಮ ನೋಡಲೆಂದು ಮತ್ತೆ ಮಾಡಿಸುವುದೂ ಬೇಡ. ಆ ಔಷಧ ಕೊಬ್ಬಿನ ಪದರವನ್ನು ಗಟ್ಟಿಗೊಳಿಸುವುದರಿಂದ ಸ್ಕೋರ್ ಏರಲೂಬಹುದು. ನಡೆಯುವಾಗ ಎದೆ ಬಿಗಿಯುವಂತಾದರೆ ಮಾತ್ರ ಈ ಸ್ಕ್ಯಾನಿಗಾಗಿ ಕಾಯದೆ ನೇರವಾಗಿ ವೈದ್ಯರನ್ನು ಕಾಣಿರಿ, ಅದಕ್ಕೆ ಬೇರೆಯೇ ಪರೀಕ್ಷೆಗಳಿವೆ.