ಕೊಯ್ಲಿನ ಹೊತ್ತಿಗೇ ಅಮ್ಮನಿಗೆ ಕಿಮೋ: ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು?

ತೀರ್ಥಹಳ್ಳಿ ಕಡೆಯ ಮಗಳು:
ಅಮ್ಮನಿಗೆ 54 ವರ್ಷ. ಎಡ ಎದೆಯ ಗಂಟು ಕ್ಯಾನ್ಸರ್ ಎಂದು ಹೋದ ವಾರ ಬಯಾಪ್ಸಿಯಲ್ಲಿ ಗೊತ್ತಾಯಿತು. ಮೊದಲು ಕಿಮೋ (ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿಯ ಚಿಕಿತ್ಸೆ), ಆಮೇಲೆ ಶಸ್ತ್ರಚಿಕಿತ್ಸೆ ಎಂದಿದ್ದಾರೆ. 21 ದಿನಕ್ಕೊಮ್ಮೆ ಮಣಿಪಾಲಕ್ಕೆ ಹೋಗಬೇಕು. ನಮ್ಮ ಮನೆ ಟಾರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಅಮ್ಮ "ಕೊಯ್ಲು ಮುಗಿಯಲಿ, ಸಂಕ್ರಾಂತಿ ಕಳೆದ ಮೇಲೆ ನೋಡೋಣ" ಎನ್ನುತ್ತಾಳೆ. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಅಪ್ಪ ಮಾತೇ ಆಡುತ್ತಿಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯನ್ನೇ ಮತ್ತೆ ಮತ್ತೆ ಕೈಯಾಡಿಸುತ್ತಾರೆ. ನನಗೆ ಶಿವಮೊಗ್ಗದಲ್ಲಿ ಕೆಲಸ, ಹದಿನೈದು ದಿನ ರಜೆ ಸಿಕ್ಕಿದೆ. ಅಷ್ಟರಲ್ಲಿ ಏನು ಮಾಡಿಡಲಿ?

ಸಾಗರದ ಅಕ್ಕ:
ತಂಗಿ, 2019ರಲ್ಲಿ ನಾನೂ ಇದೇ ದಾರಿಯಲ್ಲಿ ನಡೆದವಳು. ಕೊಯ್ಲಿಗೆ ಕಾಯಬೇಡಿ. ಅಡಿಕೆ ಕೊನೆ ಇಳಿಯಲಿ, ಸುಲಿದು ಮುಗಿಯಲಿ ಎಂದು ನಾನು ಎರಡು ತಿಂಗಳು ಗಂಟನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದೆ. ಇವತ್ತಿಗೂ ಅದಕ್ಕಾಗಿ ಮರುಗುತ್ತೇನೆ. ತೋಟವನ್ನು ಈ ವರ್ಷ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟುಬಿಡಿ.

ನಾಳೆಯೇ ಥರ್ಮಾಮೀಟರ್ ಕೊಳ್ಳಿ. ಕಿಮೋ ಆದ ಏಳರಿಂದ ಹದಿನಾಲ್ಕನೆಯ ದಿನದ ಸುಮಾರಿಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ನನ್ನ ನಾಲ್ಕನೆಯ ಸುತ್ತು ಆದದ್ದು ಜೂನ್‌ನಲ್ಲಿ. ಒಂಬತ್ತನೆಯ ರಾತ್ರಿ ಚಳಿ ಹತ್ತಿತು, ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ಇವರು ಜ್ವರದ ಮಾತ್ರೆ ಕೊಟ್ಟು ಕಂಬಳಿ ಹೊದೆಸಿದರು. ಮಾತ್ರೆ ಜ್ವರವನ್ನು ಇಳಿಸಿ ತೋರಿಸಿತು, ಸೋಂಕು ಒಳಗೇ ಏರುತ್ತಿತ್ತು. ಬೆಳಗಾಗುವ ಹೊತ್ತಿಗೆ ನನಗೆ ಎದ್ದು ನಿಲ್ಲಲು ಆಗಲಿಲ್ಲ. ಆದ್ದರಿಂದ ಕಿಮೋ ಶುರುವಾಗುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ: ರಾತ್ರಿ ಜ್ವರ ಬಂದರೆ ಯಾವ ಆಸ್ಪತ್ರೆಗೆ ಓಡಬೇಕು, ಅಲ್ಲಿ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಕೊಡುತ್ತಾರೆಯೇ? ಅವರಿಂದ ಒಂದು ಚೀಟಿ ಬರೆಸಿ ಬಾಗಿಲ ಹಿಂದೆ ಅಂಟಿಸಿ. ಊರಿನಲ್ಲಿ ಜೀಪು ಇರುವವರೊಬ್ಬರಿಗೆ ಈಗಲೇ ಮಾತು ಹೇಳಿಡಿ.

ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅಮ್ಮನನ್ನು ಕೂರಿಸಬೇಡಿ. ಸಣ್ಣ ಗಾಯವೂ ಆ ದಿನಗಳಲ್ಲಿ ದೊಡ್ಡದಾಗುತ್ತದೆ. ಸಗಣಿ, ಗೊಬ್ಬರ ಬೇಡ. ಚಳಿಗಾಲದಿಂದ ಮಂಗನ ಕಾಯಿಲೆ ಹರಡುವ ಉಣುಗಿನ ಕಾಟ ಬೇರೆ, ದರಗು (ಒಣಗಿದ ಎಲೆ) ತರಲು ಅಮ್ಮನನ್ನು ಯಾರೂ ಕಾಡಿಗೆ ಕಳಿಸಬಾರದು. ಹಲ್ಲು ಹುಳುಕಾಗಿದ್ದರೆ ಮೊದಲೇ ತೋರಿಸಿ. ಯಾರಾದರೂ ಬೇರಿನ ಕಷಾಯ ತಂದುಕೊಟ್ಟರೆ ವೈದ್ಯರಿಗೆ ಹೇಳದೆ ಕುಡಿಸಬೇಡಿ. ಕಿಮೋ ಆದ ದಿನ ಆಗುಂಬೆಯ ಹದಿನಾಲ್ಕು ತಿರುವು ಹತ್ತಿಸಬೇಡಿ, ಆ ರಾತ್ರಿ ಅಲ್ಲೇ ಉಳಿಯಿರಿ. ವಾಂತಿಯ ಮಾತ್ರೆಯನ್ನು ಅವರು ಬರೆದ ಹೊತ್ತಿಗೇ ಕೊಡಿ, ವಾಂತಿಯಾಗಲಿ ಎಂದು ಕಾಯಬೇಡಿ.

ಆಣೆಯ ವಿಚಾರ. ಊರಿಗೆಲ್ಲ ಹೇಳಬೇಕಾಗಿಲ್ಲ. "ಒಬ್ಬರನ್ನು ನೀನೇ ಆರಿಸು" ಎಂದು ಅಮ್ಮನಿಗೆ ಬಿಡಿ. ನಾನು ನನ್ನ ಓರಗಿತ್ತಿಗೆ ಹೇಳಿದೆ. ಹತ್ತು ವರ್ಷದಿಂದ ನಮಗೆ ಮಾತು ಸರಿ ಇರಲಿಲ್ಲ. ಮರುದಿನ ಬೆಳಗ್ಗೆ ನಾನು ಏಳುವ ಮೊದಲೇ ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆದಿಟ್ಟಿದ್ದಳು. ಕೂದಲು ಎರಡು ಮೂರು ವಾರಕ್ಕೆ ಉದುರುತ್ತದೆ. ನನ್ನ ಜಡೆ ಕತ್ತರಿಸಿದವಳೂ ಅವಳೇ.

ಶಿವಮೊಗ್ಗದ ಮೇಷ್ಟರು:
ಅಕ್ಕ ಹೇಳಿದ್ದು ಸರಿ. ನಾನು ಹಣದ ಬಗ್ಗೆ ಮಾತ್ರ ಬರೆಯುತ್ತೇನೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30 ಭಾಗ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ. ಬಯಾಪ್ಸಿಯ ವರದಿಯ ಜೊತೆಗೆ ಸ್ಲೈಡ್ ಮತ್ತು ಬ್ಲಾಕ್ (ಗಂಟಿನಿಂದ ತೆಗೆದು ಕಾದಿಟ್ಟ ಚೂರು) ಎಲ್ಲಿವೆ ಎಂದು ಕೇಳಿಡಿ, ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಬೇಕಾಗುತ್ತವೆ. ನನ್ನ ಹೆಂಡತಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಅಲ್ಲಿನ ಆವರಣದಲ್ಲೇ ಧರ್ಮಶಾಲೆ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಮೂನೆ ತುಂಬಿಸಿ ತರಬೇಕು.

ತೀರ್ಥಹಳ್ಳಿ ಕಡೆಯ ಮಗಳು:
ಗುಡ್ಡದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಮ್ಮ ಚಿಕ್ಕಮ್ಮನನ್ನು ಆರಿಸಿದಳು. ಅಪ್ಪ ನಿನ್ನೆ ಥರ್ಮಾಮೀಟರನ್ನು ತಮ್ಮದೇ ಕಂಕುಳಲ್ಲಿ ಇಟ್ಟು ನಾಲ್ಕು ಸಲ ಓದಿದರು. ಸೋಮವಾರ ಹೊರಡುತ್ತೇವೆ. ಅಕ್ಕ, ಅಪ್ಪೆಮಿಡಿ ಉಪ್ಪಿನಕಾಯಿ ಕೊಡಬಹುದೇ? ಅಮ್ಮ ಕೇಳಿದ್ದು ಅದೊಂದೇ.

ಸಾಗರದ ಅಕ್ಕ:
ಬಾಯಿ ಹುಣ್ಣಾದಾಗ ಬೇಡ. ಉಳಿದ ದಿನಗಳಿಗೆ ಅಲ್ಲಿನ ಆಹಾರ ತಜ್ಞರನ್ನು ಕೇಳಿ. ನನಗೆ ಬಾಯಿಯೆಲ್ಲ ಕಬ್ಬಿಣ ನೆಕ್ಕಿದಂತಿದ್ದಾಗ ಗಂಟಲಿಳಿದದ್ದು ಬೇಯಿಸಿದ ಮಾವಿನಕಾಯಿಯ ಅಪ್ಪೆಹುಳಿ, ಒಂದು ಲೋಟ. ಸೋಮವಾರ ರಾತ್ರಿ ಬರೆಯಿರಿ, ನಾನು ಎಚ್ಚರವಾಗಿರುತ್ತೇನೆ.