ಆರ್‌ಸಿ ಸರ್ಕ್ಯೂಟಿನ ಸ್ಟೆಪ್ ರೆಸ್ಪಾನ್ಸ್: ಲೆಕ್ಕದಲ್ಲಿ 10 ಮೈಕ್ರೊಸೆಕೆಂಡ್, ಅಳತೆಯಲ್ಲಿ 24

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರೆಸಿಸ್ಟರ್ ಮತ್ತು ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಿ, ಫಂಕ್ಷನ್ ಜನರೇಟರಿನಿಂದ 0 ಮತ್ತು 5 ವೋಲ್ಟ್‌ಗಳ ನಡುವಿನ ಚೌಕ ತರಂಗವನ್ನು ಕೊಟ್ಟು, ಕೆಪಾಸಿಟರಿನ ವೋಲ್ಟೇಜ್ ಏರುವ ಬಗೆಯನ್ನು (ಸ್ಟೆಪ್ ರೆಸ್ಪಾನ್ಸ್) ಆಸಿಲೋಸ್ಕೋಪಿನಲ್ಲಿ ಅಳೆಯುತ್ತಿದ್ದೇನೆ. 10 ಕಿಲೋಓಮ್ ಮತ್ತು 100 ನ್ಯಾನೊಫ್ಯಾರಡ್ ಬಳಸಿದಾಗ ಕಾಲ ಸ್ಥಿರಾಂಕ (ರೋಧ ಮತ್ತು ಧಾರಕತೆಯ ಗುಣಲಬ್ಧ, ಅಂದರೆ ವೋಲ್ಟೇಜ್ ಅಂತಿಮ ಬೆಲೆಯ ಶೇ 63.2ನ್ನು ಮುಟ್ಟಲು ಬೇಕಾದ ಸಮಯ) ಲೆಕ್ಕದಂತೆ 1 ಮಿಲಿಸೆಕೆಂಡ್ ಆಗಬೇಕು, ಅಳೆದಾಗ 1.04 ಬಂದಿತು. ಆ ಕೆಪಾಸಿಟರಿನ ಟಾಲರೆನ್ಸ್ ಶೇ 10 ಇರುವುದರಿಂದ ಇದನ್ನು ಒಪ್ಪಬಹುದು.

ಆದರೆ 100 ಕಿಲೋಓಮ್ ಮತ್ತು 100 ಪಿಕೊಫ್ಯಾರಡ್ ಹಾಕಿದರೆ, 5 ವೋಲ್ಟಿನ ಶೇ 63.2ರಷ್ಟಾದ 3.16 ವೋಲ್ಟನ್ನು ಮುಟ್ಟಲು ಲೆಕ್ಕದ 10 ಮೈಕ್ರೊಸೆಕೆಂಡ್‌ಗಳ ಬದಲು ಸುಮಾರು 24 ಹಿಡಿಯುತ್ತದೆ. ಅಲ್ಲದೆ ವೋಲ್ಟೇಜ್ 5ಕ್ಕೆ ಏರದೆ 4.55ರಲ್ಲಿಯೇ ನಿಲ್ಲುತ್ತದೆ. ತರಂಗದ ಆವರ್ತನ 2 ಕಿಲೋಹರ್ಟ್ಸ್, ಅಂದರೆ ಏರಲು 250 ಮೈಕ್ರೊಸೆಕೆಂಡ್ ಅವಕಾಶವಿದೆ. ರೆಸಿಸ್ಟರಿನ ಟಾಲರೆನ್ಸ್ ಶೇ 1, ಕೆಪಾಸಿಟರಿನದು ಶೇ 5. ಅವೆರಡನ್ನೂ ಬದಲಿಸಿದರೂ ಫಲಿತಾಂಶ ಬದಲಾಗಲಿಲ್ಲ. ಪ್ರೋಬ್ 1ಎಕ್ಸ್ ಸ್ಥಾನದಲ್ಲಿದೆ (ಸಂಕೇತವನ್ನು ಇಳಿಸದೆ ನೇರವಾಗಿ ಕಳಿಸುವ ಸ್ಥಾನ), ಸರ್ಕ್ಯೂಟ್ ಬ್ರೆಡ್‌ಬೋರ್ಡಿನ ಮೇಲಿದೆ. ಕಾರಣ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ತಾವು ಲೆಕ್ಕ ಹಾಕಿದ ಸರ್ಕ್ಯೂಟಿನಲ್ಲಿ ಎರಡೇ ಬಿಡಿಭಾಗಗಳಿವೆ, ಅಳೆದ ಸರ್ಕ್ಯೂಟಿನಲ್ಲಿ ಆಸಿಲೋಸ್ಕೋಪೂ ಸೇರಿಕೊಂಡಿದೆ. ಸಾಮಾನ್ಯ ಆಸಿಲೋಸ್ಕೋಪಿನ ಇನ್‌ಪುಟ್ ರೋಧ 1 ಮೆಗಾಓಮ್. 1ಎಕ್ಸ್ ಸ್ಥಾನದಲ್ಲಿ ಅದು ನೇರವಾಗಿ ಕೆಪಾಸಿಟರಿಗೆ ಸಮಾನಾಂತರವಾಗಿ ಕೂರುತ್ತದೆ. ಹಾಗಾಗಿ 100 ಕಿಲೋಓಮ್ ಮತ್ತು 1 ಮೆಗಾಓಮ್ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುವ ವೋಲ್ಟೇಜ್ ಡಿವೈಡರ್ ಆಗುತ್ತವೆ, 5 ವೋಲ್ಟನ್ನು 1.1ರಿಂದ ಭಾಗಿಸಿದರೆ 4.545 ಬರುತ್ತದೆ. ತಾವು ಕಂಡ 4.55 ಇದೇ. ಮೊದಲ ಸರ್ಕ್ಯೂಟಿನಲ್ಲಿಯೂ ಇದೇ ಕಾರಣದಿಂದ 50 ಮಿಲಿವೋಲ್ಟ್ ಕಡಿಮೆಯಾಗಿರುತ್ತದೆ, ಆದರೆ 8 ಬಿಟ್‌ನ ಆಸಿಲೋಸ್ಕೋಪನ್ನು ಒಂದು ಚೌಕಕ್ಕೆ 1 ವೋಲ್ಟಿನಂತೆ ಇಟ್ಟಾಗ ಅದರ ಒಂದು ಮೆಟ್ಟಿಲೇ ಸುಮಾರು 31 ಮಿಲಿವೋಲ್ಟ್ ಆಗುವುದರಿಂದ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಈಗ ಕಾಲದ ವಿಷಯ. ವಕ್ರರೇಖೆ ನಿಲ್ಲುವುದು 4.55 ವೋಲ್ಟಿನಲ್ಲಿ ಆದ್ದರಿಂದ ಶೇ 63.2 ಎಂದರೆ 3.16 ಅಲ್ಲ, 2.87 ವೋಲ್ಟ್. ಅಂತಿಮ ಬೆಲೆ 4.55 ಇರುವಾಗ 3.16 ವೋಲ್ಟನ್ನು ಮುಟ್ಟಲು ಕಾಲ ಸ್ಥಿರಾಂಕದ 1.19 ಪಟ್ಟು ಸಮಯ ಬೇಕು. ಹಾಗಾಗಿ ತಮ್ಮ 24 ಮೈಕ್ರೊಸೆಕೆಂಡಿನೊಳಗೆ ಇರುವ ನಿಜವಾದ ಕಾಲ ಸ್ಥಿರಾಂಕ ಸುಮಾರು 20. ಕೆಪಾಸಿಟರಿಗೆ ಕಾಣುವ ರೋಧ ಎರಡು ರೋಧಗಳ ಸಮಾನಾಂತರ ಬೆಲೆಯಾದ 90.9 ಕಿಲೋಓಮ್. ಕಾಲ ಸ್ಥಿರಾಂಕವನ್ನು ಅದರಿಂದ ಭಾಗಿಸಿದರೆ ಒಟ್ಟು ಧಾರಕತೆ ಸುಮಾರು 220 ಪಿಕೊಫ್ಯಾರಡ್ ಆಗುತ್ತದೆ. ಹೆಚ್ಚಿನ 120 ಎಲ್ಲಿಂದ ಬಂದಿತೆಂದರೆ ಬಹುಪಾಲು ಪ್ರೋಬಿನ ಕೇಬಲ್ ಮತ್ತು ಆಸಿಲೋಸ್ಕೋಪಿನ ಇನ್‌ಪುಟ್ಟಿನಿಂದ, ಉಳಿದ ಕೆಲವು ಪಿಕೊಫ್ಯಾರಡ್ ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಪಟ್ಟಿಗಳಿಂದ. ಇದನ್ನು ಇನ್ನೊಂದು ಬಗೆಯಲ್ಲಿಯೂ ಪರೀಕ್ಷಿಸಬಹುದು: ಏರಿಕೆಯ ಆರಂಭದ ಇಳಿಜಾರು ಆಸಿಲೋಸ್ಕೋಪಿನ ರೋಧವನ್ನು ಅವಲಂಬಿಸುವುದೇ ಇಲ್ಲ, ಅದು 5 ವೋಲ್ಟನ್ನು 100 ಕಿಲೋಓಮ್ ಮತ್ತು ಒಟ್ಟು ಧಾರಕತೆಯ ಗುಣಲಬ್ಧದಿಂದ ಭಾಗಿಸಿದಷ್ಟು. ಆದ್ದರಿಂದ ಅಂತಿಮ ಬೆಲೆಯಿಂದ ರೋಧವನ್ನೂ ಆರಂಭದ ಇಳಿಜಾರಿನಿಂದ ಧಾರಕತೆಯನ್ನೂ ಪ್ರತ್ಯೇಕವಾಗಿ ಪಡೆಯಬಹುದು. ತಮ್ಮಲ್ಲಿ ಆ ಇಳಿಜಾರು ಮೈಕ್ರೊಸೆಕೆಂಡಿಗೆ 0.23 ವೋಲ್ಟಿನ ಆಸುಪಾಸಿನಲ್ಲಿರಬೇಕು.

ಉತ್ತರ 2

ಮೇಲಿನ ವಿವರಣೆಗೆ ವಿಧಾನದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಪ್ರೋಬನ್ನು 10ಎಕ್ಸ್‌ಗೆ (ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುವ ಸ್ಥಾನ) ಬದಲಿಸಿದರೆ ಅದು ಸರ್ಕ್ಯೂಟಿನ ಮೇಲೆ ಹೇರುವ ಭಾರ 10 ಮೆಗಾಓಮ್ ಮತ್ತು ಸುಮಾರು 15 ಪಿಕೊಫ್ಯಾರಡ್‌ಗೆ ಇಳಿಯುತ್ತದೆ. ಆದರೆ ಅದಕ್ಕೂ ಮೊದಲು ಆಸಿಲೋಸ್ಕೋಪಿನ ಮುಂಭಾಗದಲ್ಲಿರುವ 1 ಕಿಲೋಹರ್ಟ್ಸ್ ಚೌಕ ತರಂಗಕ್ಕೆ ಪ್ರೋಬನ್ನು ಸಿಕ್ಕಿಸಿ, ತರಂಗದ ಮೇಲ್ಭಾಗ ಚಪ್ಪಟೆಯಾಗಿ ಮೂಲೆಗಳು ಚೌಕವಾಗುವವರೆಗೆ ಅದರ ಟ್ರಿಮ್ಮರನ್ನು (ಪ್ರೋಬಿನಲ್ಲಿರುವ ಸಣ್ಣ ಹೊಂದಾಣಿಕೆಯ ತಿರುಪನ್ನು) ತಿರುಗಿಸಿಕೊಳ್ಳಲೇಬೇಕು. ಇಲ್ಲವಾದರೆ ಪ್ರೋಬಿನ ದೋಷವೇ ಸರ್ಕ್ಯೂಟಿನ ಗುಣದಂತೆ ತೋರುತ್ತದೆ.

ಒಂದೇ ಬಿಂದುವಿನಿಂದ ಕಾಲ ಸ್ಥಿರಾಂಕವನ್ನು ಓದುವುದು ನನಗೆ ಸಮಾಧಾನ ಕೊಡುವ ಕ್ರಮವಲ್ಲ. ಅಂತಿಮ ವೋಲ್ಟೇಜಿನಿಂದ ಪ್ರತಿ ಕ್ಷಣದ ವೋಲ್ಟೇಜನ್ನು ಕಳೆದು, ಆ ವ್ಯತ್ಯಾಸದ ಲಾಗರಿದಮ್ಮನ್ನು ಕಾಲಕ್ಕೆ ಎದುರಾಗಿ ಗುರುತಿಸಿದರೆ ಸರಳರೇಖೆ ಬರಬೇಕು. ರೇಖೆ ಬಾಗಿದರೆ ಅಂತಿಮ ಬೆಲೆಯನ್ನು ತಪ್ಪಾಗಿ ಊಹಿಸಿದ್ದೀರಿ, ಅಥವಾ ಕೆಪಾಸಿಟರಿನ ಬೆಲೆಯೇ ವೋಲ್ಟೇಜಿನೊಂದಿಗೆ ಬದಲಾಗುತ್ತಿದೆ. ಹೆಚ್ಚು ಧಾರಕತೆಯ ಅಗ್ಗದ ಸೆರಾಮಿಕ್ ಕೆಪಾಸಿಟರುಗಳಲ್ಲಿ ಎರಡನೆಯದು ಸಾಮಾನ್ಯ. ಅದು ಒಂದೇ ಬಿಂದುವಿನ ಅಳತೆಯಲ್ಲಿ ಎಂದಿಗೂ ಗೊತ್ತಾಗುವುದಿಲ್ಲ.

ಸಾಧ್ಯವಾದರೆ ಅದೇ ರೆಸಿಸ್ಟರಿನೊಡನೆ ಬೇರೆ ಬೇರೆ ಕೆಪಾಸಿಟರುಗಳನ್ನು ಹಾಕಿ, ಕಾಲ ಸ್ಥಿರಾಂಕವನ್ನು ಕೆಪಾಸಿಟರಿನ ಬೆಲೆಗೆ ಎದುರಾಗಿ ಗುರುತಿಸಿ. ರೇಖೆಯ ಇಳಿಜಾರು ರೋಧವನ್ನು ತಿಳಿಸುತ್ತದೆ, ಹಿಂದಕ್ಕೆ ಎಳೆದ ರೇಖೆ ಧಾರಕತೆಯ ಅಕ್ಷವನ್ನು ಕತ್ತರಿಸುವ ಸ್ಥಳ ಅನಪೇಕ್ಷಿತ ಧಾರಕತೆಯನ್ನು ತಿಳಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರೋಬನ್ನು ಸರಿಹೊಂದಿಸಿ 10ಎಕ್ಸ್‌ನಲ್ಲಿ ಅಳೆದಾಗ ವೋಲ್ಟೇಜ್ 4.95ಕ್ಕೆ ಏರಿತು. ಲಾಗರಿದಮ್ ರೇಖೆಯಿಂದ ಪಡೆದ ಕಾಲ ಸ್ಥಿರಾಂಕಗಳು 100, 220, 330 ಮತ್ತು 470 ಪಿಕೊಫ್ಯಾರಡ್‌ಗಳಿಗೆ ಕ್ರಮವಾಗಿ 11.8, 23.9, 34.2 ಮತ್ತು 48.9 ಮೈಕ್ರೊಸೆಕೆಂಡ್. ಇವುಗಳ ನಡುವೆ ಎಳೆದ ಅತ್ಯುತ್ತಮ ಸರಳರೇಖೆಯ ಇಳಿಜಾರು 99.8 ಕಿಲೋಓಮ್, ಅನಪೇಕ್ಷಿತ ಧಾರಕತೆ ಸುಮಾರು 18 ಪಿಕೊಫ್ಯಾರಡ್. 10 ಮೆಗಾಓಮ್ ಸಮಾನಾಂತರವಾಗಿರುವಾಗ ಇಳಿಜಾರು 99.0 ಆಗಬೇಕಿತ್ತು. ಈ ಅಲ್ಪ ವ್ಯತ್ಯಾಸಕ್ಕೂ ಕಾರಣ ಹುಡುಕಬೇಕೇ?

ಉತ್ತರ 1

ಬೇಡ. ರೆಸಿಸ್ಟರ್ ಒಂದೇ ಶೇ 1ರಷ್ಟು ಆಚೀಚೆ ಇರಬಹುದು, ಪ್ರತಿ ಕೆಪಾಸಿಟರ್ ಶೇ 5ರಷ್ಟು, ಶೇ 0.8ರ ವ್ಯತ್ಯಾಸ ಅದರೊಳಗೇ ಅಡಗುತ್ತದೆ. ಮುಂದೆ ಹೋಗಬೇಕೆಂದರೆ ಮೊದಲು ರೆಸಿಸ್ಟರನ್ನು ಮಲ್ಟಿಮೀಟರಿನಲ್ಲಿಯೂ ಕೆಪಾಸಿಟರುಗಳನ್ನು ಎಲ್‌ಸಿಆರ್ ಮೀಟರಿನಲ್ಲಿಯೂ (ಧಾರಕತೆಯನ್ನು ಅಳೆಯುವ ಉಪಕರಣ) ಅಳೆದು, ಮೇಲೆ ಮುದ್ರಿಸಿದ ಬೆಲೆಗಳ ಬದಲು ಆ ಬೆಲೆಗಳನ್ನೇ ಲೆಕ್ಕಕ್ಕೆ ಬಳಸಿ.